ಬರೆಹಗಾರರು ಎಲ್ಲಿಂದ ಬರಬೇಕು?

ಸಿನಿಮಾ, ಟೆಲಿವಿಷನ್, ಸಾಹಿತ್ಯಗಳನ್ನು ಬಾಳಿನ ದಾರಿಯಾಗಿ ಹಿಡಿಯಬಯಸುವ ಮಕ್ಕಳು ನಮ್ಮ ಕನ್ನಡ ಶಾಲೆಗಳಲ್ಲಿಯೂ ಇದ್ದಾರೆ. 'ಅದರಿಂದ ಹೊಟ್ಟೆ ತುಂಬೀತೇ?' ಎಂಬ ಹೆತ್ತವರ ಪ್ರಶ್ನೆ ತಪ್ಪಲ್ಲ. ಕಯ್ಯಾರ ಕಿಞ್ಞಣ್ಣ ರೈಗಳೂ ಅಧ್ಯಾಪಕರಾಗಿ, ಕೃಷಿಕರಾಗಿ ದುಡಿಯುತ್ತಲೇ ಕವಿಯಾದವರು. ಬರೆಹವೊಂದನ್ನೇ ನಂಬಿ ಕುಳಿತವರಲ್ಲ. ಆದರೆ ಅವರ ಕೈಯಲ್ಲಿ ಗಟ್ಟಿ ಕನ್ನಡವಿತ್ತು.

2018ರಲ್ಲಿ ರಿಷಬ್ ಶೆಟ್ಟಿಯವರ ನಿರ್ದೇಶನದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ತೆರೆಕಂಡಿತು, ಉತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಮುಚ್ಚುವ ಭೀತಿಯಲ್ಲಿರುವ ಕನ್ನಡ ಶಾಲೆಯ ಕಥೆ ಅದು, ನಮ್ಮದೇ ಕಥೆ. ನಾವು ನೋಡಿ ಚಪ್ಪಾಳೆ ತಟ್ಟಿದೆವು. ಮುಂದಿನ ಕಥೆಯನ್ನು ನಮ್ಮ ಮಕ್ಕಳೇ ಬರೆಯಬೇಡವೇ?

ಸಂಭಾಷಣೆ ಬರೆಯುವವನಿಗೂ ವಾರ್ತೆ ಓದುವವಳಿಗೂ ಭಾಷೆಯೇ ಬಂಡವಾಳ. ಕನ್ನಡ ಅರಿಯದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳುಹಿಸಿದರೆ ಆ ಬಂಡವಾಳ ಮೊದಲಿಗೇ ಮುಳುಗುತ್ತದೆ. ಇಂತಹ ನೇಮಕಾತಿಗಳ ವಿರುದ್ಧ ನಮ್ಮ ಜಿಲ್ಲೆಯ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದುಂಟು. ಸಂಬಂಧಪಟ್ಟವರು ಇದನ್ನು ಇನ್ನಾದರೂ ಮನಗಾಣಬೇಕು.

ಹೆತ್ತವರಲ್ಲಿಯೂ ನಮ್ಮದೊಂದು ಬಿನ್ನಹ. ಮಗು ಒಂದು ಉದ್ಯೋಗವನ್ನೂ ಕಲಿಯಲಿ, ಕಥೆಯನ್ನೂ ಬರೆಯಲಿ. ಶಾಲೆಯ ಕೈಬರೆಹದ ಪತ್ರಿಕೆಗೆ, ವಾರ್ಷಿಕೋತ್ಸವದ ನಾಟಕಕ್ಕೆ ಅಡ್ಡಿ ಹೇಳದಿರಿ. ಅನ್ನದ ಕಸುಬು ಬೇರೆಯಾದರೂ ಅಕ್ಷರದ ಕಸುಬು ನಮ್ಮ ಮನೆಗಳಿಂದ ಕೈತಪ್ಪಬಾರದು.