ಲೀನ್ ಅಂದ್ರೆ ಲೀನೇನಾ?

ವೈವಾದಲ್ಲಿ "ಆಕ್ಸಿಜನ್ ಸೆನ್ಸರ್ ಏನನ್ನು ಅಳೆಯುತ್ತೆ?" ಅಂತ ಕೇಳಿದರೆ ನಾವೆಲ್ಲ ಥಟ್ ಅಂತ ಹೇಳೋದು ಒಂದೇ: "ಏರ್-ಫ್ಯುಯೆಲ್ ರೇಷಿಯೋ ಸರ್." ಮಾರ್ಕ್ಸೂ ಬರುತ್ತೆ. ಆದರೆ ಈ ಉತ್ತರ ಅರ್ಧ ಮಾತ್ರ ಸರಿ. ಮಿಕ್ಕ ಅರ್ಧವನ್ನು ಲ್ಯಾಬ್‌ನಲ್ಲಿ ಕಲಿಸಲೇಬೇಕು ಅನ್ನೋದು ನಮ್ಮ ವಾದ.

ಎಕ್ಸಾಸ್ಟ್ ಪೈಪ್‌ನಲ್ಲಿ ಕೂರುವ ಸಾಮಾನ್ಯ ಸೆನ್ಸರ್ ಒಳಗಿರೋದು ಜಿರ್ಕೋನಿಯಾ ಸೆರಾಮಿಕ್, ಅದರ ಎರಡೂ ಬದಿಗೆ ಪ್ಲಾಟಿನಂ ಲೇಪ. ಒಂದು ಬದಿಗೆ ಹೊರಗಾಳಿ, ಇನ್ನೊಂದು ಬದಿಗೆ ಹೊಗೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಎರಡೂ ಕಡೆಯ ಆಕ್ಸಿಜನ್ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತೆ. ರಿಚ್ ಇದ್ದರೆ ಸುಮಾರು 0.9 ವೋಲ್ಟ್, ಲೀನ್ ಇದ್ದರೆ 0.1. ಪೆಟ್ರೋಲನ್ನು ಅದು ನೇರವಾಗಿ ಅಳೆಯೋದೇ ಇಲ್ಲ.

ಒಂದು ಸಿಲಿಂಡರ್‌ನಲ್ಲಿ ಸ್ಪಾರ್ಕ್ ಬರಲಿಲ್ಲ ಅಂದ್ಕೊಳ್ಳಿ. ಪೆಟ್ರೋಲೂ ಗಾಳಿಯೂ ಸುಡದೆ ಹಾಗೇ ಹೊರಗೆ ಬರುತ್ತವೆ. ಉಳಿದ ಆಕ್ಸಿಜನ್ ನೋಡಿ ಸೆನ್ಸರ್ "ಲೀನ್" ಅನ್ನುತ್ತೆ. ಇಸಿಯು ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತೆ! ಸೆನ್ಸರ್‌ಗಿಂತ ಮುಂಚೆ ಪೈಪ್ ಬಿರುಕು ಬಿಟ್ಟು ಹೊರಗಾಳಿ ನುಗ್ಗಿದರೂ ಇದೇ ಕಥೆ. ಹೈಡ್ರೋಜನ್‌ದು ಉಲ್ಟಾ. ಹಗುರ ಅಣುವಾದ್ದರಿಂದ ಸೆನ್ಸರ್ ಮೇಲಿನ ಸಣ್ಣ ರಂಧ್ರಗಳ ಪದರವನ್ನು ಆಕ್ಸಿಜನ್‌ಗಿಂತ ಬೇಗ ದಾಟಿ, ಪ್ಲಾಟಿನಂ ಮೇಲಿರೋ ಆಕ್ಸಿಜನ್ ತಿಂದುಹಾಕುತ್ತೆ. ಆಗ ತುಸು ಲೀನ್ ಇರೋ ಹೊಗೆಯೂ ರಿಚ್ ಥರ ಕಾಣುತ್ತೆ.

ಹಾಗಂತ ಸೆನ್ಸರ್ ದಡ್ಡ ಅಲ್ಲ. ಎಥನಾಲ್ ಇಲ್ಲದ ಪೆಟ್ರೋಲ್‌ಗೆ 14.7 ಇರೋ ಸರಿಯಾದ ಅನುಪಾತ, ಇ20 ಹಾಕಿದರೆ ಸುಮಾರು 13.5ಕ್ಕೆ ಇಳಿಯುತ್ತೆ. ಈ ಸಂಖ್ಯೆಗಳು ಸೆನ್ಸರ್‌ಗೆ ಗೊತ್ತೇ ಇಲ್ಲ, ಆದರೂ ಸರಿಯಾದ ಜಾಗದಲ್ಲೇ ಸ್ವಿಚ್ ಆಗುತ್ತೆ. ಯಾಕಂದ್ರೆ ಅದು ನೋಡೋದು ಉಳಿದ ಆಕ್ಸಿಜನ್ ಮಾತ್ರ.

"ಸಿಲಬಸ್ ಮುಗಿಸೋಕೇ ಟೈಮಿಲ್ಲ, ಇದೆಲ್ಲ ಯಾಕೆ?" ಅಂತ ಕೇಳೋರು ಇದ್ದಾರೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ನಾವು ಓಡಿಸೋ ಬೈಕ್‌ಗಳಲ್ಲೂ ಈ ಸೆನ್ಸರ್ ಇದೆ. ಸ್ಕ್ಯಾನರ್ "ಲೀನ್" ಅಂದ ತಕ್ಷಣ ಸೆನ್ಸರ್ ಬದಲಿಸಿದರೆ ದುಡ್ಡು ಹೋಗೋದು ಗಾಡಿ ಓನರ್‌ದು. ಅಸಲಿ ರೋಗ ಮಿಸ್‌ಫೈರ್ ಆಗಿದ್ದರೆ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು, ಅದಕ್ಕಿಂತ ದುಬಾರಿ ಭಾಗವೇ ಹಾಳಾಗುತ್ತೆ. ನಾಳೆ ಸರ್ವಿಸ್ ಸೆಂಟರ್‌ನಲ್ಲೋ ಕ್ಯಾಲಿಬ್ರೇಷನ್ ಟೀಮ್‌ನಲ್ಲೋ ಆ ನಿರ್ಧಾರ ತಗೊಳ್ಳೋರು ನಾವೇ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಐಸಿ ಎಂಜಿನ್ ಲ್ಯಾಬ್‌ನಲ್ಲಿ ಒಂದು ಪ್ರಯೋಗ ಸೇರಿಸಿ: ಸೆನ್ಸರ್ ವೋಲ್ಟೇಜನ್ನೂ ಗ್ಯಾಸ್ ಅನಲೈಸರ್ ತೋರಿಸೋ ಹೈಡ್ರೋಕಾರ್ಬನ್, ಆಕ್ಸಿಜನ್ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ವೈವಾದಲ್ಲಿ "ಲೀನ್ ಅಂತ ಬಂದಿದೆ, ಕಾರಣ ಏನೇನಿರಬಹುದು?" ಅಂತ ಕೇಳಿ. ಉತ್ತರ ಹುಡುಕೋಕೆ ನಾವು ರೆಡಿ.