ದೇವರ ಕೆಲಸ ಮತ್ತು ವಜಾ ಆದೇಶ

ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದ ಕೆಂಗಲ್ ಹನುಮಂತಯ್ಯನವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯವರು. ಈ ದೇವರ ಕೆಲಸದಿಂದ ಒಬ್ಬನನ್ನು ಅನ್ಯಾಯವಾಗಿ ಹೊರಗೆ ಹಾಕಿದರೆ ಅವನು ಯಾರ ಬಾಗಿಲು ತಟ್ಟಬೇಕು? ಅದಕ್ಕೂ ಒಂದು ದಾರಿ ತೋರಿಸಿದವರ ಸಾಲಿನಲ್ಲಿ ಹನುಮಂತಯ್ಯನವರಿದ್ದಾರೆ. ಅವರು ಅಧ್ಯಕ್ಷರಾಗಿದ್ದ ಆಡಳಿತ ಸುಧಾರಣಾ ಆಯೋಗವು ವಜಾ, ಹಿಂಬಡ್ತಿಯಂಥ ದೊಡ್ಡ ಶಿಕ್ಷೆಗಳ ಮೇಲ್ಮನವಿ ಕೇಳಲು ಪ್ರತ್ಯೇಕ ನ್ಯಾಯಮಂಡಳಿ ಬೇಕೆಂದು 1969ರಲ್ಲಿ ಶಿಫಾರಸು ಮಾಡಿತು. 1985ರಲ್ಲಿ ಕಾಯ್ದೆ ಬಂತು. 1986ರಲ್ಲಿ ಕರ್ನಾಟಕ ಆಡಳಿತ ನ್ಯಾಯಮಂಡಳಿ ಬೆಂಗಳೂರಿನಲ್ಲಿ ಆರಂಭವಾಯಿತು.

ಚನ್ನಪಟ್ಟಣದ ತಾಲ್ಲೂಕು ಕಚೇರಿಯ ಗುಮಾಸ್ತನಾಗಲಿ, ಮಾಗಡಿಯ ಸರ್ಕಾರಿ ಶಾಲೆಯ ಮೇಷ್ಟ್ರಾಗಲಿ, ಕನಕಪುರದ ಆರೋಗ್ಯ ಸಹಾಯಕಿಯಾಗಲಿ ವಜಾ ಆದರೆ ಇಲಾಖೆಯೊಳಗಿನ ಮೇಲ್ಮನವಿ ಮುಗಿಸಿ ಅಲ್ಲಿಗೇ ಹೋಗಬೇಕು. 1997ರ ಎಲ್. ಚಂದ್ರಕುಮಾರ್ ತೀರ್ಪಿನ ನಂತರ ಅಲ್ಲಿಂದ ಹೈಕೋರ್ಟಿನ ವಿಭಾಗೀಯ ಪೀಠಕ್ಕೂ ಹೋಗಬಹುದು.

ಆದರೆ ಕೋರ್ಟಿಗೆ ಹೋದರೆ ಇಡೀ ವಿಚಾರಣೆ ಹೊಸದಾಗಿ ನಡೆಯುತ್ತದೆ ಎಂದು ತಿಳಿದರೆ ಅದು ತಪ್ಪು. ‘ಇವನು ತಪ್ಪು ಮಾಡಿದನೇ?’ ಎನ್ನುವುದಕ್ಕಿಂತ ‘ಇವನನ್ನು ತೆಗೆದ ರೀತಿ ಸರಿಯೇ?’ ಎಂದು ನ್ಯಾಯಾಲಯ ನೋಡುತ್ತದೆ. ಆಪಾದನೆ ಏನೆಂದು ತಿಳಿಸಬೇಕು, ಉತ್ತರ ಹೇಳಲು ತಕ್ಕ ಅವಕಾಶ ಕೊಡಬೇಕು ಎನ್ನುತ್ತದೆ ಸಂವಿಧಾನದ 311ನೇ ವಿಧಿ. ವಿಚಾರಣಾ ವರದಿಯ ಪ್ರತಿಯನ್ನು ಶಿಕ್ಷೆಗೆ ಮುಂಚೆಯೇ ನೌಕರನಿಗೆ ಕೊಡಬೇಕೆಂದು 1993ರಲ್ಲಿ ಸುಪ್ರೀಂ ಕೋರ್ಟು ಕರುಣಾಕರ್ ಪ್ರಕರಣದಲ್ಲಿ ಹೇಳಿತು.

ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ 311ರ ರಕ್ಷಣೆ ಇಲ್ಲ. ಸಹಜ ನ್ಯಾಯದ ರಕ್ಷಣೆ ಇದೆ. ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ಕೋಲಾರದ ಚಿನ್ನದ ಗಣಿಯನ್ನು ನೋಡಬೇಕು. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿ ಕ್ಯಾಪ್ಟನ್ ಪಾಲ್ ಆಂಥೋನಿ ಅವರ ಮನೆಯಲ್ಲಿ ಚಿನ್ನ ಸಿಕ್ಕಿತೆಂದು 1985ರಲ್ಲಿ ಪೊಲೀಸರು ಮೊಕದ್ದಮೆ ಹೂಡಿದರು. ಕಂಪನಿ ಅವರನ್ನು ಅಮಾನತು ಮಾಡಿತು. ಜೀವನಾಧಾರ ಭತ್ಯೆ ಕೈಗೆ ಬರಲಿಲ್ಲ. ಕೇರಳದಲ್ಲಿದ್ದ ಅವರ ಬಳಿ ವಿಚಾರಣೆಗೆ ಬರಲು ದುಡ್ಡಿರಲಿಲ್ಲ. ವಿಚಾರಣೆ ಏಕಪಕ್ಷೀಯವಾಗಿ ಮುಗಿದು 1986ರಲ್ಲಿ ವಜಾ ಆಯಿತು. ಮರುವರ್ಷ ಕ್ರಿಮಿನಲ್ ನ್ಯಾಯಾಲಯ ಅದೇ ಪೊಲೀಸರ, ಅದೇ ಪಂಚರ ಸಾಕ್ಷ್ಯವನ್ನು ನಂಬದೆ ಅವರನ್ನು ಬಿಡುಗಡೆ ಮಾಡಿತು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದು, ವಿಭಾಗೀಯ ಪೀಠದಲ್ಲಿ ಸೋತು, ಕಡೆಗೆ 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟಿನಲ್ಲಿ ಅವರಿಗೆ ನ್ಯಾಯ ಸಿಕ್ಕಿತು. ಹೊಟ್ಟೆಗೆ ಹಿಟ್ಟಿಲ್ಲದಂತೆ ಮಾಡಿ ‘ಬಂದು ವಾದಿಸು’ ಎನ್ನುವುದು ಅವಕಾಶವೇ ಅಲ್ಲ ಎಂಬುದು ತೀರ್ಪಿನ ತಿರುಳು. ಕೆಲಸವೂ ಹಿಂಬಾಕಿ ಸಂಬಳವೂ ಅವರಿಗೆ ದೊರೆತವು. ಆದರೆ ಅಷ್ಟರಲ್ಲಿ ಸುಮಾರು ಹದಿನಾಲ್ಕು ವರ್ಷ ಸಂದಿತ್ತು. ಗಣಿಯೂ 2001ರಲ್ಲಿ ಮುಚ್ಚಿತು.

ನ್ಯಾಯ ಇದೆ, ಆದರೆ ನಿಧಾನ. ಆದ್ದರಿಂದ ಅಮಾನತಾದ ನೌಕರ ಮೊದಲ ದಿನದಿಂದಲೇ ಎಚ್ಚರ ವಹಿಸಬೇಕು. ಪ್ರತಿಯೊಂದು ನೋಟೀಸಿಗೂ ಬರೆದೇ ಉತ್ತರ ಕೊಡಬೇಕು, ಸ್ವೀಕೃತಿ ಪಡೆಯಬೇಕು. ಭತ್ಯೆ ಬಾರದಿದ್ದರೆ ಅದನ್ನೂ ಬರೆದು ಕೇಳಬೇಕು. ನ್ಯಾಯಮಂಡಳಿಗೆ ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಹೋಗಬೇಕು. ಇಲಾಖೆ ಮೇಲ್ಮನವಿಗೆ ಆರು ತಿಂಗಳು ಉತ್ತರಿಸದಿದ್ದರೆ, ಆ ಆರು ತಿಂಗಳು ಮುಗಿದ ಮೇಲಿನ ಒಂದು ವರ್ಷ ಗಡುವು. ಆದೇಶಕ್ಕೆ ಸಹಿ ಹಾಕುವ ಅಧಿಕಾರಿಗೂ ಒಂದು ಮಾತು: ಮೊದಲೇ ಅವನ ಮಾತು ಕೇಳಿಸಿಕೊಂಡಿದ್ದರೆ ಸರ್ಕಾರಕ್ಕೆ ಹಿಂಬಾಕಿ ಕಟ್ಟುವ ಪ್ರಸಂಗ ಬರುವುದಿಲ್ಲ. ಕೇಳಿಸಿಕೊಳ್ಳುವುದೂ ದೇವರ ಕೆಲಸವೇ.