ತೀರ್ವೆ ಬೇರೆ, ಮನೆ ತೆರಿಗೆ ಬೇರೆ

ಕೆಮ್ಮಣ್ಣು, ತೋನ್ಸೆ ಕಡೆಯ ರೈತ ಬಾಂಧವರ ಕೈಗೆ ವರ್ಷಕ್ಕೆ ಎರಡು ರಶೀದಿಗಳು ಬರುತ್ತವೆ. ಒಂದು ಕಂದಾಯ ಇಲಾಖೆಗೆ ಸಲ್ಲುವ ತೀರ್ವೆಯದು, ಇನ್ನೊಂದು ಗ್ರಾಮ ಪಂಚಾಯತ್ ಕೊಡುವ ಮನೆ ತೆರಿಗೆಯದು. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಮರೆಯುವುದು ನಮ್ಮ ರೂಢಿ. ತೆರಿಗೆ ಏರಿದ ನೋಟೀಸು ಬಂದಾಗ ಮಾತ್ರ ಗೊಂದಲ ಶುರುವಾಗುತ್ತದೆ.

1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪಂಚಾಯತ್ ತೆರಿಗೆ ಹಾಕುವುದು ಕಟ್ಟಡಗಳ ಮೇಲೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೆ. ನಿಮ್ಮ ಗದ್ದೆ, ತೆಂಗಿನ ತೋಟಗಳು ಪಹಣಿಯಲ್ಲಿ ಕೃಷಿಯೆಂದೇ ಇದ್ದು ತೀರ್ವೆ ಸಲ್ಲುತ್ತಿದ್ದರೆ ಅವು ಮನೆ ತೆರಿಗೆಯ ಲೆಕ್ಕಕ್ಕೆ ಬರಕೂಡದು. ಆದರೆ ಸಾಲಕ್ಕೆ ಅನುಕೂಲವೆಂದು ಇಡೀ ಹಿತ್ತಿಲನ್ನು ಭೂಪರಿವರ್ತನೆ ಮಾಡಿಸಿದವರ ಸಂಗತಿ ಬೇರೆ. ಅಲ್ಲಿ ಹತ್ತು ತೆಂಗಿನ ಮರ ನಿಂತಿದ್ದರೂ ದಾಖಲೆಯಲ್ಲಿ ಅದು ಕೃಷಿ ಜಮೀನಲ್ಲ. ಅಂಥವರು ತಕರಾರು ಹೂಡಿ ಪ್ರಯೋಜನವಿಲ್ಲ.

ತೆರಿಗೆಯ ದರ ಎಲ್ಲರಿಗೂ ಒಂದೇ. ಅದು ಹೆಚ್ಚಾಯಿತೆಂದು ಒಬ್ಬೊಬ್ಬರೇ ಅರ್ಜಿ ಬರೆದರೆ ಇಳಿಯುವುದಿಲ್ಲ, ಅದನ್ನು ಗ್ರಾಮಸಭೆಯಲ್ಲಿ ಎತ್ತಬೇಕು. ಅರ್ಜಿಯಿಂದ ಸರಿಹೋಗುವುದು ನಿಮ್ಮ ಮನೆಯ ಬಗ್ಗೆ ಬರೆದ ವಿವರ ಮಾತ್ರ: ಅಳತೆ, ಕಟ್ಟಡದ ಬಗೆ, ಉಪಯೋಗ. ಆದುದರಿಂದ ಮೊದಲು ಟೇಪು ಹಿಡಿದು ನೀವೇ ಅಳೆಯಿರಿ. 36 ಅಡಿ ಉದ್ದ, 25 ಅಡಿ ಅಗಲದ ಮನೆ 900 ಚದರ ಅಡಿ. ಪಕ್ಕದ 20 ಅಡಿ, 12 ಅಡಿಯ ದನದ ಹಟ್ಟಿ 240 ಚದರ ಅಡಿ. ಎರಡನ್ನೂ ಸೇರಿಸಿ 1,140 ಚದರ ಅಡಿಯ ವಾಸದ ಮನೆಯೆಂದು ಬರೆದಿದ್ದರೆ ಅದು ತಪ್ಪು. ಹಟ್ಟಿ ಹಟ್ಟಿಯೆಂದೇ ದಾಖಲಾಗಬೇಕು. ಸೆಂಟ್ಸಿನ ಲೆಕ್ಕದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ. ಹತ್ತು ಸೆಂಟ್ಸಿನ ನಿವೇಶನ 4,356 ಚದರ ಅಡಿಯಾಯಿತು. ಈ ಅಂಕಿ ಕಟ್ಟಡದ ಕಾಲಮಿನಲ್ಲಿ ಕುಳಿತರೆ ಮನೆ ಸುಮಾರು ಐದು ಪಟ್ಟು ಬೆಳೆದಂತೆ!

ಹಂಚಿನ ಮಾಡು ತಾರಸಿಯಾಗಿರುವುದು, ಮಳೆಗೆ ಕುಸಿದ ಹಳೆಮನೆ ಪಟ್ಟಿಯಲ್ಲಿ ಇನ್ನೂ ನಿಂತಿರುವುದು, ಎಂದೋ ಮುಚ್ಚಿದ ಅಂಗಡಿ ಕೋಣೆ ಇಂದಿಗೂ ವಾಣಿಜ್ಯವೆಂದಿರುವುದು, ಇವೆಲ್ಲ ತಿದ್ದಿಸತಕ್ಕ ವಿಷಯಗಳು. ಹೊಳೆಬದಿಯ ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ವಾಸದ ಮನೆಯೆಂದು ವಾದಿಸುವುದು ಮಾತ್ರ ತರವಲ್ಲ. ಮೂಲ ತೆರಿಗೆ ತಪ್ಪಿದರೆ ಅದರ ಮೇಲಿನ ಕರಗಳೂ ತಪ್ಪುತ್ತವೆ. ನೀವೀಗ ಕುಳಿತು ಓದುತ್ತಿರುವ ಕೋಣೆಗೆ ಸಲ್ಲುವ ಗ್ರಂಥಾಲಯ ಕರವೂ ಅದರಲ್ಲಿ ಸೇರಿದೆ.

ನೂರಿನ್ನೂರು ರೂಪಾಯಿಗೆ ಏಕಿಷ್ಟು ಓಡಾಟ ಎನ್ನುವವರಿದ್ದಾರೆ. 2013ರಲ್ಲಿ ಇ-ಸ್ವತ್ತು ಬಂದ ಮೇಲೆ ಪಂಚಾಯತ್ ಪುಸ್ತಕದ ಬರಹ ಕಂಪ್ಯೂಟರಿಗೆ ಏರಿ, ನಮೂನೆ 9 ಮತ್ತು 11 ಆಗಿ ಹೊರಬರುತ್ತದೆ. ಮಾರಾಟದ ನೋಂದಣಿಗೆ ಅದೇ ಬೇಕು, ಬ್ಯಾಂಕಿನವರೂ ಅದನ್ನೇ ಕೇಳುತ್ತಾರೆ. ಮಗಳ ಮದುವೆಗೋ ಮಗನ ಓದಿಗೋ ಸಾಲಕ್ಕೆ ಹೋದ ದಿನ ಅಳತೆ ತಾಳೆಯಾಗದಿದ್ದರೆ ಆಗ ತಿದ್ದಿಸಲು ಸಮಯವಿರುವುದಿಲ್ಲ.

ಅರ್ಜಿಯನ್ನು ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರ ಹೆಸರಿಗೆ ಬರೆಯಿರಿ. ಪುಸ್ತಕದಲ್ಲಿ ಹೀಗಿದೆ, ಸ್ಥಳದಲ್ಲಿ ಹೀಗಿದೆ, ದಯವಿಟ್ಟು ಬಂದು ಅಳೆಯಿರಿ ಎಂದಷ್ಟೇ ಸಾಕು. ಸಿಟ್ಟಿನ ಮಾತು ಬೇಡ. ನಕ್ಷೆ, ಪಹಣಿ, ಹಳೆಯ ರಶೀದಿಗಳ ಪ್ರತಿ ಲಗತ್ತಿಸಿ. ಪಂಚಾಯತ್ ಮಾಡಿದ ಅಳತೆಯ ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಕಟ್ಟಿ ಕೇಳಬಹುದು. ಪಂಚಾಯತ್ ಒಪ್ಪದೆ ಆದೇಶ ಮಾಡಿದರೆ ತಾಲೂಕು ಪಂಚಾಯತ್ ಕಾರ್ಯನಿರ್ವಹಣಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬೇಕು. ಆದೇಶ ಕೈಸೇರಿದ 30 ದಿನಗಳನ್ನು ಮೀರಗೊಡಬೇಡಿ. ಅಷ್ಟರಲ್ಲಿ ತಕರಾರಿಲ್ಲದ ಮೊತ್ತವನ್ನು ಕಟ್ಟಿ ರಶೀದಿ ಪಡೆದಿರಿ, ಬಾಕಿದಾರರೆಂಬ ಮಾತು ಬರಬಾರದು.

ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಅಣ್ಣತಮ್ಮಂದಿರ ಪಾಲಿನ ಜಗಳವನ್ನು ಈ ಅರ್ಜಿಗೆ ತುರುಕಬೇಡಿ. ತೆರಿಗೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಹೆಸರಿಲ್ಲವೆಂದು ಅಳಿಯುವುದೂ ಇಲ್ಲ. ಅದರ ತೀರ್ಮಾನ ಸಿವಿಲ್ ಕೋರ್ಟಿನಲ್ಲಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ಮೊಹರು, ತಾರೀಕು, ಸ್ವೀಕರಿಸಿದವರ ಸಹಿ ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.